ಹೆಪ್ಪಿಗೊಂದು ಚಮಚ

ಡಾ. ಸಿದ್ಧರಾಮ ಹೊಂಬಳರು ತಮ್ಮದೇ ಅಡುಗೆಮನೆಗೆ ಕಾಲಿಡಬೇಕಾದರೆ ಮೊದಲು ಸ್ನಾನ ಮಾಡುತ್ತಿದ್ದರು. ಮಡಿ ಎಂದುಕೊಳ್ಳಬೇಡಿ, ಮಡಿಗಿಡಿಯನ್ನು ಅವರ ಮನೆತನ ಕಂಡದ್ದೇ ಇಲ್ಲ. ಧಾರವಾಡದ ಪ್ರಯೋಗಾಲಯದಿಂದ ಸಂಜೆ ಮರಳಿದವರು ಹಿತ್ತಲ ಬಾಗಿಲಿನಿಂದ ನೇರ ಬಚ್ಚಲಿಗೆ ಹೋಗುತ್ತಿದ್ದರು. ತೊಟ್ಟ ಬಟ್ಟೆಯನ್ನೆಲ್ಲ ಬ್ಲೀಚಿಂಗ್ ನೀರಿನ ಬಕೆಟ್ಟಿಗೆ ಹಾಕಿ, ತಲೆಯಿಂದ ಕಾಲಿನವರೆಗೆ ಸೋಪು ತಿಕ್ಕಿ, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಆಮೇಲೆ ಅಡುಗೆಮನೆಯ ಚಿಲಕ ತೆಗೆಯುತ್ತಿದ್ದರು. ಇಷ್ಟೆಲ್ಲ ಮಾಡಿ ಅವರು ನೋಡಲು ಹೋಗುತ್ತಿದ್ದದ್ದು ಒಂದು ಗಡಿಗೆ ಮೊಸರನ್ನು.

ಆ ಮೊಸರು ಅವರ ಹೆಂಡತಿ ಸುವರ್ಣಾಳದು. ಮದುವೆಯಾಗಿ ಬರುವಾಗ ತವರಿನಿಂದ ಸಣ್ಣ ಗಡಿಗೆಯಲ್ಲಿ ತಂದ ಮೊಸರಿನಿಂದ ಈ ಮನೆಯಲ್ಲಿ ಮೊದಲ ಹೆಪ್ಪು ಹಾಕಿದ್ದಳು. ಇಂದಿನ ಮೊಸರಿನ ಒಂದು ಚಮಚ ನಾಳೆಯ ಹಾಲಿಗೆ, ನಾಳೆಯದರ ಒಂದು ಚಮಚ ನಾಡಿದ್ದಿನ ಹಾಲಿಗೆ. ಹೀಗೆ ಅವಳು ಬದುಕಿದ್ದಷ್ಟು ಕಾಲ ಆ ಗಡಿಗೆ ಖಾಲಿ ಬಿದ್ದದ್ದಿಲ್ಲ. ಅವಳಿಗೆ ಅದರ ಮೇಲೆ ಸ್ವಲ್ಪ ಜಂಬವೂ ಇತ್ತು. ಕೇಳಿದವರಿಗೆಲ್ಲ ಹೆಪ್ಪು ಕೊಡುತ್ತಿದ್ದಳು, ಯಾರ ಬಳಿಯೂ ಒಂದು ದಿನವೂ ಕೇಳಿದವಳಲ್ಲ. ಒಮ್ಮೆ ಹೊಂಬಳರು ತಮಾಷೆಗೆಂದು ಆ ಮೊಸರನ್ನು ಪ್ರಯೋಗಾಲಯಕ್ಕೆ ಒಯ್ದು ಅದರ ಬ್ಯಾಕ್ಟೀರಿಯಾಗಳ ಪೂರ್ತಿ ಜೀನೋಮ್ ಓದಿಸಿ ತಂದಾಗ, "ಅಯ್ಯ, ಮೊಸರಿಗೂ ಜಾತಕ ಬರೆಸೀರೇನು?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಮಕ್ಕಳಿರಲಿಲ್ಲ. ಎದೆನೋವು ಎಂದು ಆಸ್ಪತ್ರೆಯಲ್ಲಿ ವಾರ ಮಲಗಿದವಳು ಏಳಲಿಲ್ಲ. ಸೀರೆಗಳನ್ನು ಅವಳ ತಂಗಿ ಒಯ್ದಳು, ಕುಂಡದ ಗಿಡಗಳು ಒಣಗಿದವು. ಉಳಿದದ್ದು ಮೊಸರು. ದಿನಾ ಬೆಳಿಗ್ಗೆ ಒಂದು ಚಮಚ ಬಾಯಿಗೆ ಹಾಕಿಕೊಂಡು, "ಚಲೋ ಆಗೇತಿ" ಎಂದು ಯಾರೂ ಇಲ್ಲದ ಅಡುಗೆಮನೆಗೆ ಹೇಳಿ ಅವರು ಕೆಲಸಕ್ಕೆ ಹೋಗುತ್ತಿದ್ದರು.

ಮರುವರ್ಷ ಹಾಲುಮಾರಿ ಬಂತು.

ಹೆಸರು ಜನರೇ ಇಟ್ಟದ್ದು. ವಿಜ್ಞಾನಿಗಳು ಕೊಟ್ಟ ಅಕ್ಷರ ಅಂಕಿಗಳ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ಅದೊಂದು ಫೇಜ್, ಅಂದರೆ ಬ್ಯಾಕ್ಟೀರಿಯಾಗಳಿಗೆ ಮಾತ್ರ ಅಂಟುವ ವೈರಸ್. ಮನುಷ್ಯರಿಗೆ ಅದರಿಂದ ನೆಗಡಿಯೂ ಬರುವುದಿಲ್ಲ. ಅದು ಬೇಟೆಯಾಡುವುದು ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾಗಳನ್ನು. ಇಂಥ ಫೇಜ್‌ಗಳು ಹಾಲಿನ ಕಾರ್ಖಾನೆಗಳಿಗೆ ಹಳೆಯ ತಲೆನೋವೇ. ಆದರೆ ಅವು ತಮಗೆ ಒಗ್ಗಿದ ಒಂದೋ ಎರಡೋ ಜಾತಿಯನ್ನು ಹಿಡಿಯುತ್ತಿದ್ದವು. ಹಾಲುಮಾರಿ ಯಾವುದನ್ನೂ ಬಿಡಲಿಲ್ಲ. ಗಾಳಿಯ ಧೂಳಿನಲ್ಲಿ, ಚಮಚದ ಅಂಚಿನಲ್ಲಿ, ಹಾಲು ಹಾಕುವವನ ಕೈಯಲ್ಲಿ ಕುಳಿತು ಊರೂರು ತಿರುಗಿತು. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಿಗ್ಗೆ ಹಾಲಾಗಿಯೇ ಇರುತ್ತಿತ್ತು, ಮಧ್ಯಾಹ್ನಕ್ಕೆ ನಾರುತ್ತಿತ್ತು.

ಜನ ಮೊದಲು ಹಾಲಿನವನನ್ನು ಬೈದರು, ಆಮೇಲೆ ಸೊಸೆಯನ್ನು ಬೈದರು, ಕೊನೆಗೆ ರೂಢಿ ಮಾಡಿಕೊಂಡರು. ಅಂಗಡಿಗೆ ಪುಡಿ ಮೊಸರು ಬಂತು. ಹಾಲಿಗೆ ಕಲಸಿದರೆ ಹುಳಿಯಾಗಿ ಗಟ್ಟಿಯಾಗುತ್ತದೆ, ಅನ್ನಕ್ಕೆ ಕಲಸಿಕೊಂಡರೆ ಗಂಟಲಲ್ಲಿ ಇಳಿಯುತ್ತದೆ. ಆದರೆ ಅದರಲ್ಲಿ ಜೀವವಿಲ್ಲ. ಅದರ ಒಂದು ಚಮಚದಿಂದ ಇನ್ನೊಂದು ಬಟ್ಟಲು ಮೊಸರಾಗುವುದಿಲ್ಲ. ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗಿ ಹೆಪ್ಪು ಕೇಳುವುದು, ನಿಂತ ಕಾಲಲ್ಲೇ ಅರ್ಧ ಗಂಟೆ ಮಾತಾಡುವುದು, ಇವೆರಡೂ ಒಟ್ಟಿಗೇ ನಿಂತುಹೋದವು. ನಿಂತದ್ದು ಯಾರ ಗಮನಕ್ಕೂ ಬರಲಿಲ್ಲ.

ಹೊಂಬಳರ ಮೊಸರು ಮಾತ್ರ ಆಗುತ್ತಲೇ ಇತ್ತು. ಅವರು ಕೆಲಸ ಮಾಡುತ್ತಿದ್ದದ್ದು ಹಾಲುಮಾರಿಯ ವಿಭಾಗದಲ್ಲೇ. ದಿನವಿಡೀ ಅದರ ನಡುವೆಯೇ ಇದ್ದು ಸಂಜೆ ಆ ಗಡಿಗೆಯ ಬಳಿಗೆ ಬರಬೇಕು. ಬಚ್ಚಲು, ಬ್ಲೀಚಿಂಗು, ಮಾಸ್ಕ್ ಎಲ್ಲ ಶುರುವಾದದ್ದು ಹಾಗೆ. ಮೊಸರನ್ನು ಫ್ರೀಜರಿನಲ್ಲಿ ಕಾಪಿಡಬಾರದೇ ಎಂದು ನೀವು ಕೇಳಬಹುದು. ಇಟ್ಟು ನೋಡಿದ್ದರು. ಮನೆಯ ಮೊಸರೆಂದರೆ ಹತ್ತಾರು ಬಗೆಯ ಬ್ಯಾಕ್ಟೀರಿಯಾಗಳ ಸಂಸಾರ. ಕರಗಿಸಿದಾಗ ಕೆಲವು ಎದ್ದವು, ಕೆಲವು ಏಳಲಿಲ್ಲ. ಮೊಸರೇನೋ ಆಯಿತು, ಆದರೆ ರುಚಿ ಯಾರದೋ ಮನೆಯದಾಗಿತ್ತು.

ಹಾಗಾಗಿ ಅವರು ಬಾಗಿಲು ಹಾಕಿದರು. ಮನೆಗೆಲಸದವಳನ್ನು ಬಿಡಿಸಿದರು. ಸುವರ್ಣಾಳ ತಮ್ಮ ಬಂದಾಗ ಗೇಟಿನ ಆಚೆಗೇ ನಿಲ್ಲಿಸಿ ಮಾತಾಡಿ ಕಳಿಸಿದರು. ಅವನು ಮತ್ತೆ ಬರಲಿಲ್ಲ. ಪಕ್ಕದ ಮನೆಯ ರೇವಕ್ಕ ಬಂದದ್ದು ಅದೇ ಕಾಲದಲ್ಲಿ.

ರೇವಕ್ಕ ನಿವೃತ್ತ ಶಾಲಾ ಶಿಕ್ಷಕಿ, ಗಂಡ ತೀರಿ ಬಹಳ ಕಾಲವಾಗಿತ್ತು. ಓಣಿಯ ಉಳಿದವರೆಲ್ಲ ಎಂದೋ ಪ್ಯಾಕೆಟ್ ಮೊಸರಿಗೆ ಬಿದ್ದಿದ್ದರು. ಮನೆಯಲ್ಲೇ ಹೆಪ್ಪು ಹಾಕುತ್ತಿದ್ದವರು ಸುವರ್ಣಾ ಮತ್ತು ರೇವಕ್ಕ ಇಬ್ಬರೇ. ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ವಿಜಯಪುರದ ತಂಗಿಯ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದು ರೇವಕ್ಕ ಮರಳುವಷ್ಟರಲ್ಲಿ ಅವಳ ಗಡಿಗೆ ಒಣಗಿತ್ತು, ಊರಿನ ತುಂಬ ಹಾಲುಮಾರಿ ಇತ್ತು. ಅವಳು ಕೋಲೂರಿಕೊಂಡು, ಕೈಯಲ್ಲೊಂದು ಸ್ಟೀಲಿನ ಬಟ್ಟಲು ಹಿಡಿದು ಬಂದಳು.

"ಅಣ್ಣಾರ, ಹೆಪ್ಪಿಗೆ ಒಂದ್ ಚಮಚ ಮೊಸರ ಕೊಡ್ರಿ."

ಹೊಂಬಳರು ಜಾಲರಿ ಬಾಗಿಲಿನ ಒಳಗೇ ನಿಂತಿದ್ದರು. ಕೊಟ್ಟರೆ ನಾಳೆ ಮತ್ತೆ ಬರುತ್ತಾಳೆ, ಒಳಗೆ ಬರುತ್ತಾಳೆ, ಬಟ್ಟಲು ಗಡಿಗೆಗೆ ತಗಲುತ್ತದೆ.

"ನಮ್ಮದೂ ಹೋತ್ರಿ ರೇವಕ್ಕಾರ. ಎಲ್ಲಾರದೂ ಹೋದಂಗ ನಮ್ಮದೂ ಹೋತು."

ರೇವಕ್ಕ ಒಂದು ಕ್ಷಣ ಅವರ ಮುಖ ನೋಡಿದಳು. "ಹೌದೇನ್ರೀ?" ಎಂದು ಬಟ್ಟಲನ್ನು ಸೆರಗಿನೊಳಗೆ ಇಟ್ಟುಕೊಂಡು ಹೋದಳು. ಆಮೇಲೆ ಕಂಪೌಂಡ್ ಗೋಡೆಯ ಆಚೆ ಅವಳ ಕೆಮ್ಮು ಕೇಳುತ್ತಿತ್ತು, ರೇಡಿಯೋ ಕೇಳುತ್ತಿತ್ತು. ಮಾತು ಮಾತ್ರ ನಿಂತುಹೋಯಿತು.

ಪ್ರಯೋಗಾಲಯದಲ್ಲಿ ಅವರ ಸಹೋದ್ಯೋಗಿ ಡಾ. ನಸ್ರೀನ್ ಮುಲ್ಲಾ. ಹುಬ್ಬಳ್ಳಿಯಿಂದ ದಿನಾ ಬಂದು ಹೋಗುವ, ಮಾತು ಜಾಸ್ತಿ ಕೆಲಸ ಅದಕ್ಕಿಂತ ಜಾಸ್ತಿ ಎನ್ನಬಹುದಾದ ಹೆಂಗಸು. ಹಾಲುಮಾರಿ ಬ್ಯಾಕ್ಟೀರಿಯಾವನ್ನು ಹೇಗೆ ವಶ ಮಾಡಿಕೊಳ್ಳುತ್ತದೆ ಎಂಬುದನ್ನು ಕಂಡುಹಿಡಿದವಳು ಅವಳೇ.

ಸಂಗತಿ ಹೀಗಿದೆ. ಬ್ಯಾಕ್ಟೀರಿಯಾದೊಳಗೆ ಡಿಎನ್‌ಎಯನ್ನು ಓದಿ ನಕಲು ತೆಗೆಯುವ ಒಂದು ಯಂತ್ರವಿದೆ, ಪಾಲಿಮರೇಸ್ ಎನ್ನುತ್ತಾರೆ. ನಸ್ರೀನ್ ಅದನ್ನು 'ಓದುಗ' ಎನ್ನುತ್ತಿದ್ದಳು. ಓದುಗ ತಾನಾಗಿ ಎಲ್ಲಿಂದಲೋ ಓದುವುದಿಲ್ಲ. ಇಲ್ಲಿಂದ ಶುರು ಮಾಡು ಎಂದು ಜಾಗ ತೋರಿಸಲು ಸಿಗ್ಮಾ ಎಂಬ ಪ್ರೋಟೀನ್ ಅದರ ಜೊತೆಗಿರುತ್ತದೆ. ಹಾಲುಮಾರಿ ತನ್ನ ಡಿಎನ್‌ಎಯನ್ನು ಒಳಗೆ ಚುಚ್ಚಿದ ಮೇಲೆ ಮಾಡುವ ಮೊದಲ ಕೆಲಸ ಒಂದು ಪುಟಾಣಿ ಪ್ರೋಟೀನ್ ತಯಾರಿಸಿ ಸಿಗ್ಮಾಕ್ಕೆ ಅಂಟಿಸುವುದು. ಅಲ್ಲಿಗೆ ಸಿಗ್ಮಾ ಬ್ಯಾಕ್ಟೀರಿಯಾದ ಜೀನ್‌ಗಳನ್ನು ಮರೆತು ವೈರಸ್ಸಿನ ಜೀನ್‌ಗಳನ್ನೇ ತೋರಿಸತೊಡಗುತ್ತದೆ. ಓದುಗ ಅದೇ, ಅಡುಗೆಮನೆ ಅದೇ, ಸಾಮಾನೂ ಅದೇ. ಅಡುಗೆ ಮಾತ್ರ ಬಂದವನಿಗೆ. ಬ್ಯಾಕ್ಟೀರಿಯಾ ಸಾಯುವುದು ಆಮೇಲೆ. ಅದಕ್ಕೂ ಮೊದಲು ಸ್ವಲ್ಪ ಹೊತ್ತು ಅದು ತನ್ನದೊಂದು ಜೀನನ್ನೂ ಓದದೆ ಬದುಕಿರುತ್ತದೆ.

ಆ ಹೊತ್ತಿನ ಬಗ್ಗೆ ನಸ್ರೀನ್ ವರದಿ ಒಪ್ಪಿಸುವಾಗ ಹೊಂಬಳರು ಕಿಟಕಿಯ ಕಡೆ ನೋಡುತ್ತಿದ್ದರು. ಬದುಕಿದ್ದೂ ತನ್ನದೇನನ್ನೂ ಓದದ ಆ ಜೀವ ಅವರಿಗೆ ಬಹಳ ಪರಿಚಯದ್ದೆನಿಸಿತು.

ಮಧ್ಯಾಹ್ನ ಇಬ್ಬರೂ ಒಂದೇ ಮೇಜಿಗೆ ಊಟಕ್ಕೆ ಕೂರುತ್ತಿದ್ದರು. ಹೊಂಬಳರದು ರೊಟ್ಟಿ, ಶೇಂಗಾ ಚಟ್ನಿಪುಡಿ. ಹಾಲುಮಾರಿ ಬಂದ ಮೇಲೆ ಮೊಸರನ್ನು ಅವರು ಮನೆಯಿಂದ ಹೊರಗೆ ತಂದವರಲ್ಲ. ನಸ್ರೀನ್ ಪುಡಿ ಮೊಸರು ಕಲಸಿದ ಅನ್ನವನ್ನು ಮುಖ ಕಿವುಚಿಕೊಂಡು ತಿನ್ನುತ್ತಿದ್ದಳು.

"ನಮ್ಮ ಅಮ್ಮಿ ದಿನಾ ಕೇಳ್ತಾರ ಸರ್, ನೀವು ಅಷ್ಟು ಮಂದಿ ವಿಜ್ಞಾನಿಗಳು ಕೂಡಿ ಒಂದು ಬಟ್ಟಲ ಮೊಸರ ಮಾಡ್ಲಿಕ್ಕೆ ಆಗವಲ್ದೇನು ಅಂತ. ಎಲ್ಲೆರ ಒಂದು ಮನ್ಯಾಗ ಹಳೇ ಮೊಸರು ಉಳಿದಿದ್ರ, ಅದು ಹೆಂಗ ಉಳೀತಂತ ನೋಡಿದ್ರ ಸಾಕಿತ್ತು."

"ಸಿಗ್ತದ ತಗೋವಾ, ಹುಡುಕು" ಎಂದು ಹೊಂಬಳರು ರೊಟ್ಟಿ ಮುರಿದರು. ಅವರು ಕೆಟ್ಟವರಲ್ಲ. ಕೊಟ್ಟರೆ ಕಮ್ಮಿಯಾಗುವ ವಸ್ತುವಲ್ಲ ಮೊಸರು ಎಂಬುದು ಅವರಿಗೂ ಗೊತ್ತು. ಆದರೆ ಪ್ರಯೋಗಾಲಯಕ್ಕೆ ಒಯ್ದ ಮೊಸರಿನ ವಿಷಯ ಪ್ರಯೋಗಾಲಯದಲ್ಲೇ ನಿಲ್ಲುವುದಿಲ್ಲ. ಮನೆಗೆ ಜನ ಬರುತ್ತಾರೆ, ಗಡಿಗೆ ಮುಟ್ಟುತ್ತಾರೆ, ಹಾಲುಮಾರಿಯೂ ಅವರ ಜೊತೆಗೆ ಬರುತ್ತದೆ. ಮೊಸರು ಹೋದರೆ ಸುವರ್ಣಾ ಎರಡನೇ ಸಲ ಹೋದಂತೆ.

ಹೀಗೇ ಕೆಲವು ವರ್ಷ ಕಳೆದ ಮೇಲೆ ಒಂದು ಚಳಿಗಾಲಕ್ಕೆ ಮುಂಚೆ ಅವರು ಇನ್ನೊಂದು ಬಂದೋಬಸ್ತು ಮಾಡಿದರು. ಗಾಜಿನ ಬಾಗಿಲಿನ, ರಬ್ಬರಿನ ಅಂಚಿನ ಒಂದು ಕಪಾಟು ತರಿಸಿ, ಒಲೆಯ ಪಕ್ಕದ ಕಟ್ಟೆಯ ಮೇಲಿದ್ದ ಗಡಿಗೆಯನ್ನು ಅದರೊಳಗಿಟ್ಟರು. ಕಪಾಟಿಗೆ ಜಾಗವಿದ್ದದ್ದು ಉತ್ತರದ ಗೋಡೆಗೆ, ಕಿಟಕಿಯ ಕೆಳಗೆ. ಧೂಳು ಬರುವುದಿಲ್ಲ, ಗಾಳಿ ಬರುವುದಿಲ್ಲ ಎಂದು ಸಮಾಧಾನಪಟ್ಟರು.

ಡಿಸೆಂಬರಿನ ಒಂದು ಬೆಳಿಗ್ಗೆ ಗಡಿಗೆಯ ಮುಚ್ಚಳ ತೆಗೆದರೆ ಮೊಸರು ಆಗಿರಲಿಲ್ಲ. ತೆಳ್ಳಗೆ, ನೀರು ನೀರಾಗಿ, ಗಡಿಗೆ ವಾಲಿಸಿದತ್ತ ಹರಿಯುತ್ತಿತ್ತು.

ಹೊಂಬಳರು ಅಲ್ಲೇ ನೆಲದ ಮೇಲೆ ಕುಳಿತರು. ಹೆಂಡತಿ ಸತ್ತ ದಿನ ಜನರೆದುರು ಅಳದೆ ಗಟ್ಟಿಯಾಗಿದ್ದವರು ಆ ಬೆಳಿಗ್ಗೆ ಮಾಸ್ಕಿನೊಳಗೇ ಬಿಕ್ಕಿ ಬಿಕ್ಕಿ ಅತ್ತರು. ಕೇಳುವವರು ಯಾರೂ ಇರಲಿಲ್ಲ. ಇರದಂತೆ ಅವರೇ ಮಾಡಿಕೊಂಡಿದ್ದರು. ಅಳು ನಿಂತ ಮೇಲೆ ಗಡಿಗೆಯನ್ನು ಟವೆಲಿನಲ್ಲಿ ಸುತ್ತಿ, ಮಗುವಿನಂತೆ ಎದೆಗವಚಿಕೊಂಡು ಆಟೋ ಹತ್ತಿದರು.

ನಸ್ರೀನ್ ಗಡಿಗೆಯನ್ನು ನೋಡಿದಳು, ಅವರನ್ನು ನೋಡಿದಳು, ಬಗ್ಗಿ ಮೂಸಿದಳು.

"ಇದು ಖರೇ ಮೊಸರ ಐತಲ್ಲ ಸರ್." ದನಿ ಸಣ್ಣಗಾಗಿತ್ತು. "ಎಷ್ಟು ದಿನದಿಂದ ಐತಿ?"

"ಮೊದಲಿಂದಾನೂ."

"ನಾ ದಿನಾ ನಿಮ್ಮ ಎದುರಿಗೆ ಕುಂತು ಆ ಪುಡಿ ಕಲಿಸ್ಕೊಂಡು ಉಂಡೀನಿ."

ನಸ್ರೀನ್ ಗಡಿಗೆ ತೆಗೆದುಕೊಂಡು ಒಳಗೆ ಹೋದಳು. ಬಯ್ದಿದ್ದರೆ ಚೆನ್ನಾಗಿತ್ತು.

ಫಲಿತಾಂಶಕ್ಕೆ ಕೆಲವು ದಿನ ಹಿಡಿಯಿತು. ಆ ದಿನಗಳಲ್ಲಿ ಹೊಂಬಳರು ಮನೆಗೆ ಹೋಗಿ ಸ್ನಾನ ಮಾಡಿ, ಅಡುಗೆಮನೆಗೆ ಹೋಗಿ, ಅಲ್ಲಿ ಮಾಡಲು ಏನೂ ಇಲ್ಲವೆಂದು ನೆನಪಾಗಿ ಹೊರಬರುತ್ತಿದ್ದರು. ಮನೆಯಲ್ಲಿ ಇಷ್ಟು ಹೊತ್ತು ಇರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ನಸ್ರೀನ್ ಕರೆದಾಗ ಹೋಗಿ ಕುಳಿತರು.

"ನಿಮ್ಮ ಮೊಸರಿನ್ಯಾಗ ಹಾಲುಮಾರಿ ಐತಿ ಸರ್."

"ಹೋತು ಹಂಗಾರ."

"ಪೂರ್ತಿ ಕೇಳ್ರಿ. ಹಾಲುಮಾರಿ ಇವತ್ತು ನಿನ್ನೆ ಬಂದದ್ದಲ್ಲ. ಬಂದು ವರ್ಷಗಳೇ ಆಗ್ಯಾವು. ನಿಮ್ಮ ಜೋಡಿನ ಬಂದಿರಬೇಕು. ಬ್ಯಾಕ್ಟೀರಿಯಾ ಸತ್ತಿಲ್ಲ." ಅವಳು ಒಂದು ಗಾಜಿನ ತಟ್ಟೆಯನ್ನು ಮುಂದೆ ಸರಿಸಿದಳು. ಹಾಲುಮಾರಿ ತಿಂದ ಕಡೆ ತೂತುಗಳು ಕಾಣಬೇಕಾಗಿದ್ದ ತಟ್ಟೆ ಎಲ್ಲೂ ತೂತಿಲ್ಲದೆ ಬ್ಯಾಕ್ಟೀರಿಯಾದ ಪದರಿನಿಂದ ತುಂಬಿತ್ತು. "ಹಾಲುಮಾರೀನ ನಾನೇ ಬೇಕಂತ ಇದರ ಮ್ಯಾಲೆ ಸುರುವೀನಿ. ಏನೂ ಆಗಿಲ್ಲ."

"ಮತ್ತ ನೀರಾಗಿದ್ದು?"

"ಗಡಿಗಿ ಎಲ್ಲಿಟ್ಟಿದ್ರಿ?"

ಅವರು ಕಪಾಟಿನ ವಿಷಯ ಹೇಳಿದರು. ಅಷ್ಟು ದಿನದ ಮೇಲೆ ನಸ್ರೀನ್‌ಗೆ ಮೊದಲ ಸಲ ನಗು ಬಂತು. "ಥಂಡಿ, ಸರ್! ಥಂಡಿಯಾಗ ಮೊಸರು ಆಗೂದಿಲ್ಲಂತ ನಮ್ಮ ಅಮ್ಮಿ ಸೈತ ಹೇಳ್ತಿದ್ರು. ಇಲ್ಲಿ ನಾನು ಬೆಚ್ಚಗಿಟ್ಟೆ, ಕಲ್ಲಿನಂಗ ಆತು."

ಸುವರ್ಣಾ ಚಳಿಗಾಲದಲ್ಲಿ ಗಡಿಗೆಗೆ ಹಳೆಯ ಕೌದಿ ಹೊದಿಸುತ್ತಿದ್ದದ್ದು ಆಗ ಅವರಿಗೆ ನೆನಪಾಯಿತು.

ನಸ್ರೀನ್ ಮುಂದುವರಿಸಿದಳು. ಆ ಬ್ಯಾಕ್ಟೀರಿಯಾಗಳ ಡಿಎನ್‌ಎಯೊಳಗೆ ಇನ್ನೊಂದು ವೈರಸ್ ಸೇರಿಕೊಂಡಿದೆ. ಕೊಲ್ಲುವಂಥದ್ದಲ್ಲ, ಬಾಡಿಗೆದಾರನಂತೆ ತೆಪ್ಪಗೆ ಇರುವಂಥದ್ದು. ತನ್ನ ಜೀನ್‌ಗಳನ್ನೆಲ್ಲ ಮುಚ್ಚಿಟ್ಟುಕೊಂಡು ಒಂದೆರಡನ್ನು ಮಾತ್ರ ಓದಿಸುತ್ತದೆ. ಅದರಿಂದ ಹುಟ್ಟುವ ಒಂದು ಸಣ್ಣ ಪ್ರೋಟೀನ್ ಕಾವಲು ಕಾಯುತ್ತಿರುತ್ತದೆ. ಹಾಲುಮಾರಿ ಬಂದು ತನ್ನ ಜೀನನ್ನು ಓದಿಸಲು ಶುರು ಮಾಡಿತೋ, ಈ ಪ್ರೋಟೀನ್ ಓದುಗನನ್ನು ಮೊದಲ ಸಾಲಿನಲ್ಲೇ ತಡೆದು ನಿಲ್ಲಿಸುತ್ತದೆ. ಸಿಗ್ಮಾ ಹಿಡಿಯುವ ಪ್ರೋಟೀನ್ ತಯಾರಾಗುವುದೇ ಇಲ್ಲ.

"ನಿಮ್ಮ ಬಾಗಲಾ, ಬ್ಲೀಚಿಂಗು ಯಾವುದೂ ಅದನ್ನ ಉಳಿಸಿಲ್ಲ ಸರ್. ಉಳಿಸಿದ್ದು ಆ ಬಾಡಿಗೆದಾರ. ಇನ್ನೊಂದು ಮಾತು. ಮೇಡಮ್ ಇದ್ದಾಗ ನೀವು ಓದಿಸಿದ ಹಳೇ ಜೀನೋಮ್ ತಗದು ನೋಡಿದೆ. ಬ್ಯಾಕ್ಟೀರಿಯಾ ಅವೇ ಅದಾವು, ಮೇಡಮ್ ಅವರದೇ. ಆದ್ರ ಅದರಾಗ ಬಾಡಿಗೆದಾರ ಇಲ್ಲ. ಆ ಮ್ಯಾಲೆ ಬಂದಾನ. ಯಾರದೋ ಬ್ಯಾರೆ ಮೊಸರು ಇದರಾಗ ಕೂಡಿ, ಅದರಾಗಿಂದ ಇವಕ್ಕ ದಾಟ್ಯಾನ."

"ಸಾಧ್ಯಾನ ಇಲ್ಲ. ಆಕಿ ಒಬ್ಬರ ಹತ್ರಾನೂ ಹೆಪ್ಪು ಇಸ್ಕೊಂಡಾಕಿ ಅಲ್ಲ."

"ಅವರು ಹೋದ ಮ್ಯಾಲೆ ನಿಮ್ಮ ಅಡಿಗಿಮನಿಗೆ ಬ್ಯಾರೆ ಯಾರು ಬಂದಿದ್ರು ಸರ್?"

ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆರೆಯವರು ಬುತ್ತಿ ತರುತ್ತಾರೆ. ತಂದವರು ಯಾರೆಂದು ಹೊಂಬಳರು ಅವತ್ತು ಮುಖವೆತ್ತಿ ನೋಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವರು ರೇವಕ್ಕನ ಬಾಗಿಲು ತಟ್ಟಿದರು. ನಸ್ರೀನ್ ಗಡಿಗೆಯನ್ನು ಮರಳಿಸಿದ್ದಳು. ಒಂದು ಬಟ್ಟಲಿನಲ್ಲಿ ಮೊಸರು ಹಾಕಿಕೊಂಡು ತಂದಿದ್ದರು.

ರೇವಕ್ಕ ಬಾಗಿಲು ತೆರೆದಳು. ಇಷ್ಟು ವರ್ಷದಲ್ಲಿ ಬಾಗಿದ್ದಳು. ಬಟ್ಟಲಿನ ಕಡೆಗೊಮ್ಮೆ ನೋಡಿ, "ಬರ್ರಿ" ಎಂದೂ ಅನ್ನಲಿಲ್ಲ, "ಯಾಕ ಬಂದ್ರಿ" ಎಂದೂ ಅನ್ನಲಿಲ್ಲ.

"ರೇವಕ್ಕಾರ, ಒಂದು ಕೇಳೂದಿತ್ತು. ಸುವರ್ಣಾ ಹೋದಾಗ ನಮ್ಮ ಮನ್ಯಾಗ ಹಾಲು ಮೊಸರಾ ಯಾರು ನೋಡ್ಕೊಂಡಿದ್ರು?"

"ನಾನಽ. ನೀವೆಲ್ಲಾ ಮಣ್ಣಿಗೆ ಹೋಗಿದ್ರಿ. ಅಡಿಗಿಮನ್ಯಾಗ ನೋಡ್ತೀನಿ, ಗಡಿಗ್ಯಾಗಿನ ಮೊಸರ ಯಾರೂ ಕೇಳವರಿಲ್ದ ಕೆಟ್ಟು ಬೂಸರಾ ಹಿಡದಿತ್ತು. ಆಕಿ ಜೀವಾ ಎಲ್ಲಾ ಅದರಾಗ ಇತ್ತು, ನನಗ ಗೊತ್ತಿಲ್ಲೇನು? ಚೆಲ್ಲಾಕ ಕೈ ಬರಲಿಲ್ಲ. ಅಂಚಿನ್ಯಾಗ ಇಷ್ಟೇ ಇಷ್ಟು ಚಲೋ ಉಳದಿತ್ತು, ಅದನ್ನ ಕೆರದು ತಗದೆ. ಅಷ್ಟರಿಂದ ಹಾಲು ಮೊಸರಾಗೂವಂಗಿರಲಿಲ್ಲ. ನಮ್ಮ ಮನೀದು ಒಂದ್ ಚಮಚ ತಂದು ಕೂಡಿಸಿ ಹೆಪ್ಪು ಹಾಕಿದೆ." ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಮರುದಿನ ನಿಮಗ ಬಡಿಸಿದಾಗ, ಇದು ನಮ್ಮಾಕಿ ಕೈರುಚಿ ಅಂತ ಅತ್ರಿ. ನಾ ಏನಂತ ಬಾಯಿ ತಗೀಲಿ?"

ಹೊಂಬಳರು ಕೈಯಲ್ಲಿದ್ದ ಬಟ್ಟಲನ್ನು ನೋಡಿದರು. ಇಷ್ಟು ವರ್ಷ ಯಾರಿಂದ ಕಾಪಾಡುತ್ತೇನೆಂದು ಚಿಲಕ ಹಾಕಿದ್ದರೋ, ಅದನ್ನು ಕಾಪಾಡಿದ್ದು ಅವಳೇ. ಅವಳು ಬಟ್ಟಲು ಹಿಡಿದು ಬಂದು ಕೇಳಿದ್ದು ತನ್ನದೇ ಒಂದು ಚಮಚವನ್ನು.

"ಅವತ್ತು ನಾ ಸುಳ್ಳು ಹೇಳಿದೆ."

"ಗೊತ್ತೈತ್ರಿ. ಆವತ್ತಿಂದ ದಿನಾ ಸಂಜೀಕ ನಿಮ್ಮ ಮನಿಯಿಂದ ಮಜ್ಜಿಗಿ ಒಗ್ಗರಣಿ ವಾಸನಿ ಬರತಿತ್ತಲ್ಲ. ಪುಡಿ ಮೊಸರಿಗೆ ಯಾರು ಒಗ್ಗರಣಿ ಹಾಕ್ತಾರ?"

"ಒಂದು ಮಾತು ಅನಬೇಕಾಗಿತ್ತು ನೀವು."

"ಅಂದು ಏನ್ ಮಾಡ್ಲಿ? ಒಬ್ಬನ ಮನಷ್ಯಾ, ಅದೊಂದ ಉಳದೈತಿ, ಇರಲಿ ಅಂದೆ. ಆದ್ರ ಕೆಟ್ಟ ಅನಸ್ತು ಅಣ್ಣಾರ. ಬಾಳ ಕೆಟ್ಟ ಅನಸ್ತು."

ಓಣಿಯಲ್ಲಿ ಯಾರೋ ಸೈಕಲ್ ತುಳಿದುಕೊಂಡು ಹೋದರು. ಹೊಂಬಳರು ಬಟ್ಟಲನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದರು. ರೇವಕ್ಕ ತಕ್ಷಣ ತೆಗೆದುಕೊಳ್ಳಲಿಲ್ಲ. ಬಗ್ಗಿ ಮೂಸಿದಳು, ಕಿರುಬೆರಳಿನಿಂದ ಒಂದಿಷ್ಟು ನಾಲಿಗೆಗೆ ಹಚ್ಚಿಕೊಂಡು ಕಣ್ಣು ಮುಚ್ಚಿದಳು.

"ಹೆಪ್ಪು ಹಾಕ್ರಿ" ಎಂದರು ಹೊಂಬಳರು.

"ಯಾತಕ್ಕ ಹಾಕ್ಲಿ? ಹಾಲು ತಗೋಳೂದು ಬಿಟ್ಟು ಎಷ್ಟು ದಿನಾ ಆತು. ಮೊಸರಾಗೂದಿಲ್ಲ, ಒಬ್ಬಾಕಿಗೆ ಹಾಲು ಯಾಕಂತ ಬಿಡಿಸಿಬಿಟ್ಟೆ. ಕರೇ ಚಹಾ ಕುಡೀತೀನಿ."

ಇದನ್ನು ಹೊಂಬಳರು ಎಣಿಸಿರಲಿಲ್ಲ. ಮೊಸರು ತಂದಿದ್ದರು, ಅದು ಬದುಕಲು ಬೇಕಾದದ್ದನ್ನು ತಂದಿರಲಿಲ್ಲ. "ನಿಂದರ್ರಿ, ಬಂದೆ" ಎಂದು ಬಟ್ಟಲು ಹಿಡಿದುಕೊಂಡೇ ತಿರುಗಿದರು.

ಸ್ನಾನ ಮಾಡದೆ, ಮಾಸ್ಕ್ ಕಟ್ಟದೆ, ಚಪ್ಪಲಿಯನ್ನೂ ಬಿಡದೆ ಅವರು ಅಡುಗೆಮನೆಗೆ ಹೋದರು. ಬೆಳಿಗ್ಗೆ ಕಾಯಿಸಿದ ಹಾಲು ಉಗುರುಬೆಚ್ಚಗಾಗಿತ್ತು. ಪಾತ್ರೆಯನ್ನು ಒಂದು ಕೈಯಲ್ಲಿ ಹಿಡಿದು, ಸುವರ್ಣಾಳ ಹಳೆಯ ಕೌದಿಯನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಮೊಸರಿನ ಬಟ್ಟಲು ಎತ್ತಿಕೊಂಡು ಮುಂಬಾಗಿಲಿಗೆ ಬಂದರು.

ಬಾಗಿಲು ಎಳೆದುಕೊಳ್ಳಲು ಕೈ ಖಾಲಿ ಇರಲಿಲ್ಲ. ತೆರೆದೇ ಬಿಟ್ಟು ಹೋದರು. ಗೋಡೆಯಾಚೆ ರೇವಕ್ಕ ಗಡಿಗೆ ತೊಳೆಯುವ ಸದ್ದು ಕೇಳುತ್ತಿತ್ತು.